ಹೆರಿಗೆಯ ನಂತರ ಹೊಟ್ಟೆ–ಎದೆಯ ಸಂಯುಕ್ತ ಶಸ್ತ್ರಚಿಕಿತ್ಸೆ: ದಾವಣಗೆರೆ ಸೀಮೆಯ ತಾಯಂದಿರು ಸಿದ್ಧರಾಗುವ ಬಗೆ

ಒಂದೆರಡು ಹೆರಿಗೆಯಾದ ಮೇಲೆ ಹೊಟ್ಟೆಯ ಚರ್ಮ ಜೋತುಬಿದ್ದು, ನಡುವಿನ ಸ್ನಾಯುಗಳು ಅಗಲಗೊಂಡು, ಮಗುವಿಗೆ ಹಾಲು ಬಿಡಿಸಿದ ಬಳಿಕ ಸ್ತನಗಳು ಇಳಿದುಹೋದ ತಾಯಂದಿರಿಗೆ ಒಂದೇ ಅರಿವಳಿಕೆಯಲ್ಲಿ ಎರಡು ಮೂರು ಶಸ್ತ್ರಚಿಕಿತ್ಸೆಗಳನ್ನು ಸೇರಿಸಿ ಮಾಡುವುದುಂಟು. ಆಸ್ಪತ್ರೆಗಳು ಇದನ್ನು ‘ಮಮ್ಮಿ ಮೇಕ್‌ಓವರ್’ ಎಂದು ಕರೆಯುತ್ತವೆ. ಹೆಚ್ಚುವರಿ ಚರ್ಮವನ್ನು ತೆಗೆದು ಹೊಟ್ಟೆಯ ಸ್ನಾಯುಗಳನ್ನು ಹೊಲಿಯುವ ಟಮ್ಮಿ ಟಕ್, ಇಳಿದ ಸ್ತನವನ್ನು ಎತ್ತಿ ಕೂರಿಸುವ ಶಸ್ತ್ರಚಿಕಿತ್ಸೆ, ಬೇಕೆನಿಸಿದವರಿಗೆ ಸ್ತನದೊಳಗೆ ಸಿಲಿಕೋನ್ ಚೀಲ ಕೂರಿಸುವ ಇಂಪ್ಲಾಂಟ್, ಸೊಂಟ ಮತ್ತು ಪಕ್ಕೆಗಳ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಇದರಲ್ಲಿ ಬರುತ್ತವೆ. ಎಲ್ಲರಿಗೂ ಎಲ್ಲವೂ ಬೇಕಾಗುವುದಿಲ್ಲ.

ಥಿಯೇಟರಿನ ಒಳಗಿನ ನಾಲ್ಕೈದು ಗಂಟೆ ವೈದ್ಯರ ಹೊಣೆ. ಆನಂತರದ ಆರು ವಾರ ಮನೆಯವರ ಹೊಣೆ. ನಮ್ಮ ಕಡೆ ಕೆಡುವುದು ಹೆಚ್ಚಾಗಿ ಈ ಎರಡನೆಯ ಭಾಗದಲ್ಲಿಯೇ, ಏಕೆಂದರೆ ಇಂಥ ಶಸ್ತ್ರಚಿಕಿತ್ಸೆಯನ್ನು ಅನೇಕರು ಗುಟ್ಟಾಗಿ ಮಾಡಿಸಿಕೊಂಡು ಬರುತ್ತಾರೆ. ಅತ್ತೆಯವರಿಗೆ ‘ಸಣ್ಣದೊಂದು ಹರ್ನಿಯಾ ಆಪರೇಷನ್’ ಎಂದೂ ಓಣಿಯವರಿಗೆ ‘ತವರಿಗೆ ಹೋಗಿದ್ದೆ’ ಎಂದೂ ಹೇಳಿದ ಹೆಣ್ಣುಮಗಳು ಹತ್ತನೆಯ ದಿನಕ್ಕೆ ಅಡುಗೆಮನೆಗೆ ಇಳಿಯಲೇಬೇಕಾಗುತ್ತದೆ. ಅಳುವ ಮಗುವನ್ನು ಸೊಂಟದ ಮೇಲೆ ಏರಿಸಿಕೊಳ್ಳಲೇಬೇಕಾಗುತ್ತದೆ. ಹೆರಿಗೆಗೆ ಬಾಣಂತನ ಹೇಗೆ ಬೇಕೋ ಇದಕ್ಕೂ ಹಾಗೆಯೇ ಒಂದು ಬಾಣಂತನ ಬೇಕು. ಅದನ್ನು ಮಾಡುವವರು ಯಾರು ಎಂಬುದು ಗೊತ್ತಾಗುವವರೆಗೆ ಆಪರೇಷನ್ನಿನ ದಿನಾಂಕವನ್ನು ಗೊತ್ತುಮಾಡಬೇಡಿ. ಊರಿಗೆಲ್ಲ ಹೇಳಬೇಕಾಗಿಲ್ಲ, ಆದರೆ ಮನೆಯೊಳಗೆ ಓಡಾಡುವ ಇಬ್ಬರಿಗಾದರೂ ನಿಜ ತಿಳಿದಿರಲಿ.

ಮೊದಲು ಹೊಟ್ಟೆಯ ಸ್ಥಿತಿಯನ್ನು ತಿಳಿದುಕೊಳ್ಳಿ

ಎದೆಮೂಳೆಯಿಂದ ಕೆಳಹೊಟ್ಟೆಯವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳು ಇಳಿಯುತ್ತವೆ. ಅವೆರಡನ್ನೂ ನಡುವಿನಲ್ಲಿ ನಾರಿನಂಥ ಒಂದು ತೆಳುವಾದ ಪದರ ಕೂಡಿಸಿರುತ್ತದೆ. ಗರ್ಭ ಬೆಳೆದಂತೆ ಈ ಪದರ ಹಿಗ್ಗಿ ಸ್ನಾಯುಗಳು ದೂರ ಸರಿಯುತ್ತವೆ. ಹೆರಿಗೆಯಾದ ಮೊದಲ ಕೆಲವು ತಿಂಗಳುಗಳಲ್ಲಿ ಬಹಳಷ್ಟು ಮಂದಿಗೆ ಅವು ತಾವಾಗಿಯೇ ಹತ್ತಿರವಾಗುತ್ತವೆ, ಕೆಲವರಿಗೆ ಆಗುವುದಿಲ್ಲ. ಮನೆಯಲ್ಲಿಯೇ ಇದನ್ನು ನೋಡಿಕೊಳ್ಳಬಹುದು. ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡವಾಗಿ ಇಟ್ಟು, ತಲೆ ಮತ್ತು ಭುಜವನ್ನು ಮಾತ್ರ ನಿಧಾನವಾಗಿ ನೆಲದಿಂದ ಮೇಲಕ್ಕೆತ್ತಿ. ಎರಡೂ ಕಡೆಯ ಸ್ನಾಯು ಗಟ್ಟಿಯಾಗಿ ಬೆರಳಿಗೆ ತಾಗುತ್ತದೆ. ಆ ಎರಡರ ನಡುವಿನ ಮೆತ್ತನೆಯ ಸಂದಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಇಳಿಯುತ್ತಿದ್ದರೆ ಅಥವಾ ತಲೆ ಎತ್ತಿದಾಗ ಹೊಟ್ಟೆಯ ನಡುವೆ ದಿಂಡಿನಂತೆ ಉಬ್ಬು ಕಾಣಿಸಿದರೆ ಸ್ನಾಯುಗಳು ಬೇರ್ಪಟ್ಟಿವೆ ಎಂದು ತಿಳಿಯಬಹುದು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಇದರ ನಿಖರ ಅಳತೆ ಸಿಗುತ್ತದೆ.

ಸಂದು ಕಂಡಿತೆಂದು ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವುದು ಸರಿಯಲ್ಲ. ಫಿಸಿಯೋಥೆರಪಿಸ್ಟ್ ಬಳಿ ಕೆಲವು ತಿಂಗಳು ಹೊಟ್ಟೆಯ ಒಳಸ್ನಾಯು ಮತ್ತು ಕೆಳಭಾಗದ ಶ್ರೋಣಿ ಸ್ನಾಯುಗಳ ವ್ಯಾಯಾಮ ಮಾಡಿ ನೋಡಬೇಕು. ಅನೇಕರಿಗೆ ಬೆನ್ನುನೋವು ಮತ್ತು ಕೆಮ್ಮಿದಾಗ ಮೂತ್ರ ಸೋರುವ ತೊಂದರೆ ಇಷ್ಟರಿಂದಲೇ ತಗ್ಗುತ್ತದೆ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಕಟ್ಟುವುದು ಆಸರೆ ಕೊಡುತ್ತದೆ, ನಡುವಿಗೆ ಹಿತವಾಗುತ್ತದೆ. ಆದರೆ ಹಿಗ್ಗಿದ ಪದರವನ್ನು ಅದು ಕೂಡಿಸುವುದಿಲ್ಲ. ಹೊಕ್ಕುಳಿನಲ್ಲಿ ಕೆಮ್ಮಿದಾಗ ಹೊರಬಂದು ಮಲಗಿದಾಗ ಒಳಹೋಗುವ ಗಂಟು ಇದ್ದರೆ ಅದು ಹರ್ನಿಯಾ ಇರಬಹುದು. ಮೊದಲು ಜನರಲ್ ಸರ್ಜನ್ನರಿಗೆ ತೋರಿಸಿ. ಅದು ಸೌಂದರ್ಯದ ವಿಷಯವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ.

ಶಸ್ತ್ರಚಿಕಿತ್ಸೆಯಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಹೊಕ್ಕುಳಿನ ಕೆಳಗಿನ ಚರ್ಮದ ಜೊತೆ ಅಲ್ಲಿನ ಬಿರುಕುಗೆರೆಗಳು (ಸ್ಟ್ರೆಚ್ ಮಾರ್ಕ್) ಹೋಗುತ್ತವೆ, ಮೇಲಿನವು ಉಳಿಯುತ್ತವೆ. ಕರುಳಿನ ಸುತ್ತ ಕೂತ ಒಳಕೊಬ್ಬನ್ನು ಲೈಪೋಸಕ್ಷನ್ ಮುಟ್ಟುವುದಿಲ್ಲ. ಅದು ಊಟ ಮತ್ತು ನಡಿಗೆಯಿಂದಲೇ ಕರಗಬೇಕು. ಲೈಪೋಸಕ್ಷನ್ ತೂಕ ಇಳಿಸುವ ವಿಧಾನವೇ ಅಲ್ಲ.

ಕಾಲ, ತೂಕ, ರಕ್ತ, ಹೊಗೆಸೊಪ್ಪು

ಹೆರಿಗೆಯಾಗಿ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಎದೆಯ ಶಸ್ತ್ರಚಿಕಿತ್ಸೆಯೂ ಸೇರಿದ್ದರೆ ಮಗುವಿಗೆ ಹಾಲು ಬಿಡಿಸಿ ಮೂರರಿಂದ ಆರು ತಿಂಗಳಾದರೂ ಆಗಿರಬೇಕು. ಹಾಲು ಇಂಗಿದ ಮೇಲೆಯೇ ಸ್ತನದ ನಿಜವಾದ ಆಕಾರ ತಿಳಿಯುತ್ತದೆ. ಇನ್ನೊಂದು ಮಗು ಬೇಕೆಂಬ ಆಲೋಚನೆ ಇದ್ದರೆ ಕಾಯುವುದು ಒಳ್ಳೆಯದು. ಟಮ್ಮಿ ಟಕ್ ಆದ ಮೇಲೆ ಗರ್ಭ ಧರಿಸಬಹುದು, ಆದರೆ ಮಾಡಿಸಿದ್ದು ಮತ್ತೆ ಹಿಗ್ಗಿಹೋಗಬಹುದು. ಸ್ತನ ಎತ್ತುವ ಶಸ್ತ್ರಚಿಕಿತ್ಸೆಯಾದವರಲ್ಲಿ ಕೆಲವರಿಗೆ ಮುಂದಿನ ಮಗುವಿಗೆ ಹಾಲು ಸಾಲದೆ ಹೋಗಬಹುದು, ತೊಟ್ಟಿನ ಸಂವೇದನೆಯೂ ಕುಂದಬಹುದು.

ತೂಕ ಆರು ತಿಂಗಳಿಂದ ಏರಿಳಿಯದೆ ನಿಂತಿರಬೇಕು. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹ ತೂಕ ಸೂಚ್ಯಂಕ (ಬಿಎಂಐ) 30ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. 155 ಸೆಂಟಿಮೀಟರ್ ಎತ್ತರದವರಿಗೆ ಈ 30ರ ಮಿತಿ ಸುಮಾರು 72 ಕಿಲೋ ಆಗುತ್ತದೆ. ಬಾಣಂತನದ ತುಪ್ಪ, ಅಂಟಿನುಂಡೆ, ಕೊಬ್ಬರಿಗಳಿಂದ ಬಂದ ತೂಕ ಇನ್ನೂ ಇಳಿಯುತ್ತಿದ್ದರೆ ಅದು ಇಳಿದು ನಿಲ್ಲಲಿ.

ರಕ್ತದ ಮಾತನ್ನು ಒತ್ತಿ ಹೇಳಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆಯೇ. ತುರ್ತಿಲ್ಲದ ಇಂಥ ಶಸ್ತ್ರಚಿಕಿತ್ಸೆಗೆ ಕಡಿಮೆ ರಕ್ತದಲ್ಲಿ ಹೋಗುವುದಕ್ಕೆ ಯಾವ ಕಾರಣವೂ ಇಲ್ಲ. ಎರಡು ಮೂರು ತಿಂಗಳು ಮೊದಲೇ ಪರೀಕ್ಷೆ ಮಾಡಿಸಿದರೆ ಕಬ್ಬಿಣಾಂಶದ ಮಾತ್ರೆಗಳಿಂದ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಣಿಸಿಕೊಂಡಿದ್ದವರು ಈಗ ಮತ್ತೊಮ್ಮೆ ನೋಡಿಸಬೇಕು. ಥೈರಾಯ್ಡ್, ರಕ್ತದೊತ್ತಡ, ಸ್ತನದ ಅಲ್ಟ್ರಾಸೌಂಡ್, 40 ದಾಟಿದವರಿಗೆ ಮ್ಯಾಮೋಗ್ರಾಂ ಕೂಡ ಆಗಬೇಕು.

ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸ ಇರುವವರು ಅದನ್ನು ವೈದ್ಯರಿಗೆ ಮುಚ್ಚಿಡಬಾರದು. ಸಿಗರೇಟು ಸೇದುವುದಿಲ್ಲವಲ್ಲ ಎಂದು ಅನೇಕರು ಇದನ್ನು ಹೇಳುವುದೇ ಇಲ್ಲ. ನಿಕೋಟಿನ್ ಯಾವ ದಾರಿಯಿಂದ ಬಂದರೂ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಟಮ್ಮಿ ಟಕ್‌ನಲ್ಲಿ ಹೊಟ್ಟೆಯ ಚರ್ಮವನ್ನು ಅಗಲವಾಗಿ ಬಿಡಿಸಿ ಕೆಳಕ್ಕೆ ಎಳೆದು ಹೊಲಿಯುವುದರಿಂದ ಅದಕ್ಕೆ ರಕ್ತ ಮೊದಲೇ ಕಡಿಮೆ. ನಿಕೋಟಿನ್ ಸೇರಿದರೆ ಚರ್ಮದ ಅಂಚು ಕಪ್ಪಾಗಿ ಸಾಯಬಹುದು. ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಿ, ಗಾಯ ಮಾಯುವವರೆಗೆ ಮುಟ್ಟಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಅವನ್ನೂ, ಆಸ್ಪಿರಿನ್ ಮತ್ತು ನಾಟಿ ಔಷಧಿಗಳನ್ನೂ ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಇನ್ನೊಂದು ಮಾತು. ನಿರ್ಧಾರ ನಿಮ್ಮದೇ ಆಗಿರಬೇಕು. ಗಂಡನ ಅಥವಾ ನೆಂಟರ ಮಾತಿನಿಂದ ನೊಂದು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಹೆರಿಗೆಯಾದಾಗಿನಿಂದ ಅಳು, ನಿದ್ರೆಯಿಲ್ಲದಿರುವುದು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಇದ್ದರೆ ಮೊದಲು ಅದಕ್ಕೆ ಆರೈಕೆ ಬೇಕು. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಒಟ್ಟಿಗೋ, ಬೇರೆ ಬೇರೆಯೋ

ಒಟ್ಟಿಗೆ ಮಾಡಿಸುವುದರ ಲಾಭ ಸ್ಪಷ್ಟವಾಗಿದೆ: ಅರಿವಳಿಕೆ ಒಂದೇ ಸಲ, ರಜೆ ಒಂದೇ ಸಲ, ಬೆಂಗಳೂರಿನ ಓಡಾಟವೂ ಒಂದೇ ಸಲ. ಆದರೆ ಸಮಯ ಹೆಚ್ಚಾದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಮತ್ತು ಮೈ ತಣ್ಣಗಾಗುವ ಅಪಾಯ, ರಕ್ತನಷ್ಟ ಎಲ್ಲವೂ ಹೆಚ್ಚುತ್ತವೆ. ಆರು ಗಂಟೆ ದಾಟುವ ಯೋಜನೆಯನ್ನು ಎರಡು ಹಂತವಾಗಿ ಒಡೆಯಬಹುದೇ ಎಂದು ಕೇಳುವುದು ನಿಮ್ಮ ಹಕ್ಕು. ಒಂದೇ ದಿನದಲ್ಲಿ ಐದು ಲೀಟರಿಗಿಂತ ಹೆಚ್ಚು ಹೀರುವ ಲೈಪೋಸಕ್ಷನ್ನನ್ನು ದೊಡ್ಡ ಪ್ರಮಾಣದ್ದೆಂದು ಎಣಿಸುತ್ತಾರೆ. ಅದನ್ನು ಟಮ್ಮಿ ಟಕ್ ಜೊತೆ ಸೇರಿಸುವುದು ಜಾಣತನವಲ್ಲ. ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು, ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದವರು, ಮೇಲಿಂದ ಮೇಲೆ ಗರ್ಭಪಾತವಾದವರು ಈ ಸಂಗತಿಗಳನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಹೊಟ್ಟೆಯ ಮೇಲಿನ ಹಳೆಯ ಗಾಯಗಳನ್ನೂ ತೋರಿಸಿ. ಸಿಸೇರಿಯನ್ ಗಾಯವನ್ನು ಸಾಮಾನ್ಯವಾಗಿ ಹೊಸ ಗಾಯದೊಳಗೇ ಸೇರಿಸಿ ತೆಗೆಯುತ್ತಾರೆ, ಆದರೆ ಬಲಪಕ್ಕೆಯ ಕೆಳಗೆ ಪಿತ್ತಕೋಶದ ಹಳೆಯ ತೆರೆದ ಆಪರೇಷನ್ನಿನ ಗಾಯವಿದ್ದರೆ ಚರ್ಮದ ರಕ್ತ ಸಂಚಾರವೇ ಬದಲಾಗಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಮೂರು ವರ್ಷದೊಳಗಿನ ಮಗು ಇರುವ, ಮನೆಯಲ್ಲಿ ಒಬ್ಬರೇ ಸಹಾಯಕ್ಕಿರುವ ತಾಯಿ ಹೊಟ್ಟೆ ಮತ್ತು ಎದೆಯನ್ನು ಬೇರೆ ಬೇರೆ ಮಾಡಿಸುವುದೇ ಒಳ್ಳೆಯದು. ಎರಡೂ ಒಟ್ಟಿಗೆ ಆದರೆ ಹೊಟ್ಟೆಗೆ ಬಲ ಬಿಡದಂತೆ ಕೈಯೂರಿ ಏಳಬೇಕೆನ್ನುವಾಗ ಎದೆ ಎಳೆಯುತ್ತದೆ, ಎದೆಯನ್ನು ಕಾಯಬೇಕೆನ್ನುವಾಗ ಹೊಟ್ಟೆಯ ಮೇಲೆ ಭಾರ ಬೀಳುತ್ತದೆ.

ವೈದ್ಯರು, ಆಸ್ಪತ್ರೆ, ಹಣ

ಎಂ.ಬಿ.ಬಿ.ಎಸ್. ಮತ್ತು ಜನರಲ್ ಸರ್ಜರಿಯ ಬಳಿಕ ಪ್ಲಾಸ್ಟಿಕ್ ಸರ್ಜರಿಯಲ್ಲಿಯೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಎಂಬ ಉನ್ನತ ಪದವಿ ಮಾಡಿದವರನ್ನು ಹುಡುಕಿ. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡು ಈ ಅರ್ಹತೆಗೆ ಸಮನಲ್ಲ. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಖಾಸಗಿ ಆಸ್ಪತ್ರೆಯಾದರೆ ಅದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾಗಿರಬೇಕು. ಅರಿವಳಿಕೆ ತಜ್ಞರು ಯಾರು, ಅವರು ಕೊನೆಯವರೆಗೂ ಇರುತ್ತಾರೆಯೇ, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ ಎಂಬುದನ್ನು ಬಾಯಿಬಿಟ್ಟು ಕೇಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡದ್ದನ್ನು ನಾವೆಲ್ಲ ಓದಿದ್ದೇವೆ. ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ, ದೊಡ್ಡ ಆಪರೇಷನ್.

ದಾವಣಗೆರೆಯಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ; ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಪ್ಲಾಸ್ಟಿಕ್ ಸರ್ಜನ್ನರ ಭೇಟಿಯ ದಿನಗಳನ್ನು ಮೊದಲು ಇಲ್ಲಿಯೇ ವಿಚಾರಿಸಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಸ್ತ್ರೀರೋಗ ತಜ್ಞರ ಅಭಿಪ್ರಾಯಗಳನ್ನು ಇಲ್ಲಿ ಮುಗಿಸಿಕೊಂಡರೆ ಹಣವೂ ಉಳಿಯುತ್ತದೆ. ಬೆಂಗಳೂರಿನಲ್ಲಿ ಮಾಡಿಸುವುದಾದರೆ ಡಿಸ್ಚಾರ್ಜ್ ಆದ ದಿನವೇ 260 ಕಿಲೋಮೀಟರ್ ಕಾರಿನಲ್ಲಿ ಕೂತು ಬರುವುದನ್ನು ಯೋಚಿಸಲೂ ಬೇಡಿ. ಗಾಯದ ದ್ರವ ಬಸಿಯಲು ಚರ್ಮದಡಿ ಇಟ್ಟ ನಳಿಕೆಯನ್ನು ತೆಗೆಯುವವರೆಗೆ ಅಲ್ಲಿಯೇ ಬಂಧುಗಳ ಮನೆಯಲ್ಲಿ ಉಳಿಯಿರಿ. ಹಿಂತಿರುಗುವಾಗ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ಹೀಗೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಬೇಕು. ಕಾಲು ಮಡಚಿ ಹೊತ್ತುಗಟ್ಟಲೆ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಹಣದ ವಿಷಯದಲ್ಲಿ ಒಟ್ಟು ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಸೌಂದರ್ಯ ಶಸ್ತ್ರಚಿಕಿತ್ಸೆಗೆ ಶೇ. 18ರಷ್ಟು ಜಿಎಸ್‌ಟಿ ಇದೆ. ಅದು ಮೊತ್ತದಲ್ಲಿ ಸೇರಿದೆಯೇ ಎಂದು ಕೇಳಿ. ಆರೋಗ್ಯ ವಿಮೆ ಇದಕ್ಕೆ ಹಣ ಕೊಡುವುದಿಲ್ಲ. ಹರ್ನಿಯಾ ಇದ್ದರೆ ಆ ಭಾಗದ ವೆಚ್ಚಕ್ಕೆ ಮಾತ್ರ ವಿಮಾ ಕಂಪನಿಯ ಒಪ್ಪಿಗೆಯನ್ನು ಮೊದಲೇ ಕೇಳಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಸಹಿ ಮಾಡಿ. ನಿಮ್ಮ ಫೋಟೋಗಳನ್ನು ಜಾಹೀರಾತಿಗೆ ಬಳಸಲು ಒಪ್ಪಿಗೆಯಿಲ್ಲವೆಂದಾದರೆ ಅದನ್ನೂ ಬರೆಯಿಸಿ. ಇಂಪ್ಲಾಂಟ್ ಹಾಕಿಸಿದರೆ ಅದರ ಕಂಪನಿ, ಮಾದರಿಗಳನ್ನು ಬರೆದಿರುವ ಕಾರ್ಡನ್ನು ಜೋಪಾನ ಮಾಡಬೇಕು, ಏಕೆಂದರೆ ಅದು ಜೀವಮಾನದ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. 2019ರಲ್ಲಿ ಒಂದು ಬಗೆಯ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಅಪರೂಪದ ಕ್ಯಾನ್ಸರಿನ ನಂಟಿನ ಕಾರಣ ಜಗತ್ತಿನಾದ್ಯಂತ ಹಿಂಪಡೆಯಲಾಯಿತು; ಒಳಗಿರುವುದು ಯಾವುದೆಂದು ತಿಳಿಯಲು ಕಾರ್ಡೇ ಸುಲಭದ ದಾರಿ.

ಮನೆಯ ಸಿದ್ಧತೆ

ನವೆಂಬರಿನಿಂದ ಜನವರಿಯವರೆಗಿನ ತಂಪಿನ ದಿನಗಳು ಉತ್ತಮ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಆಪರೇಷನ್ನಿನ ನಂತರ ಹೊಟ್ಟೆಗೆ ಆಸರೆಯಾಗಿ ಕಟ್ಟುವ ಬಿಗಿ ಬೆಲ್ಟನ್ನು ಹಗಲು ರಾತ್ರಿ ಹಾಕಿಕೊಂಡಿರುವುದು ಕಷ್ಟ. ಬೆವರಿಗೆ ಗುಳ್ಳೆ ಎದ್ದು ಗಾಯಕ್ಕೆ ಸೋಂಕು ತಗಲಬಹುದು. ದುಗ್ಗಮ್ಮನ ಜಾತ್ರೆಯಂಥ, ಮನೆತುಂಬ ನೆಂಟರಿರುವ ದಿನಗಳನ್ನೂ ಬಿಡಿ.

ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ಶುದ್ಧ ನೀರಿನ ಘಟಕದಿಂದ ತರುವ ಇಪ್ಪತ್ತು ಲೀಟರಿನ ಕ್ಯಾನ್ ಇಪ್ಪತ್ತು ಕಿಲೋ ತೂಗುತ್ತದೆ. ಒಂದು ವರ್ಷದ ಮಗು ಎಂಟೊಂಬತ್ತು ಕಿಲೋ ಇರುತ್ತದೆ. ಆದ್ದರಿಂದ ನೀರು ತರುವವರು, ಮಗುವನ್ನು ಎತ್ತಿ ನಿಮ್ಮ ಪಕ್ಕ ಕೂರಿಸುವವರು, ರಾತ್ರಿ ಎದ್ದಾಗ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತಾಗಬೇಕು. ಮಗು ನಿಮ್ಮೊಡನೆ ಮಲಗುವ ರೂಢಿಯಿದ್ದರೆ ತಿಂಗಳು ಮೊದಲೇ ಅಜ್ಜಿಯ ಪಕ್ಕ ಮಲಗಿಸಿ ರೂಢಿ ಮಾಡಿಸಿ. ಆಪರೇಷನ್ನಿನ ರಾತ್ರಿ ಒಮ್ಮೆಲೇ ಬಿಡಿಸಿದರೆ ಇಬ್ಬರಿಗೂ ಸಂಕಟ.

ನೆಲದ ಮೇಲಿನ ಹಾಸಿಗೆ ಬೇಡ, ಮಂಚ ಬೇಕು. ತಲೆಯ ಕೆಳಗೆ ಎರಡು, ಮೊಣಕಾಲಿನ ಕೆಳಗೆ ಎರಡು ದಿಂಬು ಇಟ್ಟು ಅರೆಮಡಚಿದ ಭಂಗಿಯಲ್ಲಿ ಮಲಗಬೇಕು. ಕುಕ್ಕರಗಾಲಿನ ಶೌಚಾಲಯ ಮಾತ್ರ ಇರುವ ಮನೆಯಲ್ಲಿ ಕಮೋಡ್ ಕುರ್ಚಿಯನ್ನು ತಂದಿಡಿ. ಮುಂದೆ ಗುಂಡಿಯಿರುವ ಸಡಿಲ ನೈಟಿಗಳು ಬೇಕು. ಸೀರೆಯ ಲಂಗದ ಲಾಡಿ, ಚರ್ಮ ಎಳೆದ ಮೇಲೆ ಮತ್ತೆ ಕೂರಿಸಿದ ಹೊಕ್ಕುಳಿನ ಹೊಲಿಗೆಗೆ ಉಜ್ಜುವುದರಿಂದ ಸೀರೆ ಕೆಲವು ವಾರ ಬೇಡ.

ಮಾಂಗಲ್ಯ, ಕಾಲುಂಗುರ, ಮೂಗುಬೊಟ್ಟು, ಬಳೆ ಎಲ್ಲವನ್ನೂ ಥಿಯೇಟರಿಗೆ ಹೋಗುವ ಮೊದಲು ತೆಗೆಯಬೇಕಾಗುತ್ತದೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹವಿರುವಲ್ಲಿ ಸುಡುವ ಸಾಧ್ಯತೆಯಿದೆ, ಕೈಕಾಲು ಊದಿಕೊಂಡರೆ ಉಂಗುರ ಬಿಗಿಯಾಗುತ್ತದೆ. ಹಿರಿಯರು ಆ ಹೊತ್ತಿನಲ್ಲಿ ನೊಂದುಕೊಳ್ಳದಂತೆ ಮನೆಯಲ್ಲಿಯೇ ಕಾರಣ ತಿಳಿಸಿ, ಬಿಗಿಯಾದ ಕಾಲುಂಗುರವನ್ನು ಅಕ್ಕಸಾಲಿಗರ ಬಳಿ ಮೊದಲೇ ಬಿಡಿಸಿಕೊಂಡು ಹೋಗಿ.

ಆಪರೇಷನ್ ಮತ್ತು ಮೊದಲ ಹದಿನೈದು ದಿನ

ಸಾಮಾನ್ಯ ಊಟವನ್ನು ಆರು ಗಂಟೆ ಮೊದಲು, ಬೆಣ್ಣೆ ದೋಸೆಯಂಥ ಜಿಡ್ಡಿನ ತಿಂಡಿಯನ್ನು ಎಂಟು ಗಂಟೆ ಮೊದಲು ನಿಲ್ಲಿಸಬೇಕು; ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ ಬಿಡುತ್ತಾರೆ. ಸರ್ಜನ್ ನಿಮ್ಮನ್ನು ನಿಲ್ಲಿಸಿ ಮೈಮೇಲೆ ಗುರುತು ಹಾಕುವಾಗ ದಿನನಿತ್ಯ ಧರಿಸುವ ಒಳ ಉಡುಪಿನಲ್ಲಿ ಇದ್ದರೆ ಗಾಯದ ಗೆರೆಯನ್ನು ಅದರೊಳಗೆ ಅಡಗುವಂತೆ ಎಳೆಯಬಹುದು.

ಎಚ್ಚರವಾದ ದಿನವೇ ಅಥವಾ ಮರುದಿನ ನಡೆಸುತ್ತಾರೆ. ನೋವಾದರೂ ನಡೆಯಬೇಕು. ಒಂದು ವಾರ ಸ್ವಲ್ಪ ಮುಂದಕ್ಕೆ ಬಾಗಿಯೇ ನಡೆಯಿರಿ, ನೆಟ್ಟಗೆ ನಿಲ್ಲಲು ಹಟ ಮಾಡಬೇಡಿ. ಏಳುವಾಗ ಮೊದಲು ಮಗ್ಗುಲಾಗಿ, ಕಾಲನ್ನು ಕೆಳಗೆ ಬಿಟ್ಟು, ಮೊಣಕೈ ಊರಿ ಏಳಬೇಕು.

ಚರ್ಮದ ಕೆಳಗಿನಿಂದ ಒಂದೆರಡು ನಳಿಕೆಗಳು ಹೊರಬಂದು, ಕೊನೆಯಲ್ಲಿ ಹಿಚುಕಬಹುದಾದ ಪ್ಲಾಸ್ಟಿಕ್ ಬುರುಡೆ ಇರುತ್ತದೆ. ಬೆಳಿಗ್ಗೆ ಮತ್ತು ಸಂಜೆ ಸೋಪಿನಿಂದ ಕೈತೊಳೆದು, ಬುರುಡೆಯ ಮುಚ್ಚಳ ತೆಗೆದು, ದ್ರವವನ್ನು ಮಿಲಿಲೀಟರ್ ಗುರುತಿರುವ ಅಳತೆ ಲೋಟಕ್ಕೆ ಸುರಿಯಿರಿ. ಬಣ್ಣವನ್ನೂ ಅಳತೆಯನ್ನೂ ವಹಿಯಲ್ಲಿ ಬರೆಯಿರಿ. ಬಳಿಕ ಬುರುಡೆಯನ್ನು ಅಂಗೈಯಲ್ಲಿ ಪೂರ್ತಿ ಹಿಚುಕಿ, ಹಿಚುಕಿದಂತೆಯೇ ಮುಚ್ಚಳ ಹಾಕಬೇಕು. ಗಾಳಿ ತುಂಬಿ ಉಬ್ಬಿದ ಬುರುಡೆ ಏನನ್ನೂ ಎಳೆಯುವುದಿಲ್ಲ. ಮೊದಲು ಕೆಂಪಾಗಿದ್ದ ದ್ರವ ದಿನದಿಂದ ದಿನಕ್ಕೆ ತಿಳಿಯಾಗಿ ಹಳದಿಗೆ ತಿರುಗುತ್ತದೆ. ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ನಳಿಕೆ ತೆಗೆಯುತ್ತಾರೆ. ಇದಕ್ಕೆ ಒಂದರಿಂದ ಎರಡು ವಾರ ಬೇಕು. ಅದಾದ ಮೇಲೂ ನೀರು ತುಂಬಿದಂತೆ ಹೊಟ್ಟೆ ತುಳುಕಿದರೆ ತಿಳಿಸಿ, ಸೂಜಿಯಿಂದ ತೆಗೆಯುತ್ತಾರೆ.

ಮೊಟ್ಟೆ, ಬೇಳೆ, ಕಾಳು, ಮಜ್ಜಿಗೆ, ಸೊಪ್ಪು ಚೆನ್ನಾಗಿರಲಿ. ಮಲಬದ್ಧತೆಯಾಗಿ ತಿಣುಕಿದರೆ ಹೊಲಿಗೆಗೆ ಒತ್ತಡ ಬೀಳುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯವನ್ನು ಇಲ್ಲಿಗೆ ತರಬೇಡಿ. ನೀರು ಧಾರಾಳವಾಗಿ ಕುಡಿಯಬೇಕು.

ಕೆಲವು ಲಕ್ಷಣಗಳು ಕಂಡರೆ ಫೋನಿನಲ್ಲಿ ಚರ್ಚಿಸುತ್ತ ಕೂರಬಾರದು. ಉಸಿರು ಕಟ್ಟುವುದು, ಎದೆನೋವು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಒಂದು ಸ್ತನ ಏಕಾಏಕಿ ಬಿಗಿದು ದಪ್ಪಗಾಗುವುದು, ನಳಿಕೆಯಲ್ಲಿ ತಾಜಾ ರಕ್ತ ತುಂಬುವುದು, ಗೊಂದಲಗೊಂಡು ಅಸಂಬದ್ಧವಾಗಿ ಮಾತನಾಡುವುದು ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ ಹತ್ತಿರದ ಐಸಿಯು ಇರುವ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಮಾಡಿದ ವೈದ್ಯರು ಬೆಂಗಳೂರಿನಲ್ಲಿದ್ದಾರೆಂದು ಅಲ್ಲಿಗೆ ಹೊರಡಬೇಡಿ. ಯಾವ ಆಪರೇಷನ್, ಯಾವ ದಿನ ಎಂಬುದನ್ನು ಜೊತೆಗಿರುವವರು ಮುಚ್ಚಿಡದೆ ಹೇಳಬೇಕು. ‘ಹರ್ನಿಯಾ’ ಎಂಬ ಸುಳ್ಳು ಇಲ್ಲಿ ಪ್ರಾಣಕ್ಕೆ ಎರವಾಗಬಹುದು. ಜ್ವರ, ಗಾಯದ ಸುತ್ತ ಕೆಂಪು, ಕೀವು, ಚರ್ಮ ಕಪ್ಪಾಗುವುದು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಆಮೇಲೆ

ಕೂತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ಹೋಗಬಹುದು. ಸ್ಕೂಟಿಯನ್ನು ನೋವಿಲ್ಲದೆ ತಟ್ಟನೆ ಬ್ರೇಕ್ ಹಾಕಲು ಆಗುವವರೆಗೆ ಮುಟ್ಟಬೇಡಿ. ಬೆಲ್ಟನ್ನು ವೈದ್ಯರು ಹೇಳಿದಷ್ಟು ವಾರ ಕಟ್ಟಿ, ಎರಡು ಜೊತೆ ಇಟ್ಟುಕೊಂಡು ದಿನವೂ ಒಗೆಯಿರಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಪಟ್ಟಿ ಬಳಸಬಹುದು. ಅರಿಶಿನ, ಹರಳೆಣ್ಣೆಗಳನ್ನು ಹಸಿ ಗಾಯಕ್ಕೆ ಹಚ್ಚಬಾರದು. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ಇಲ್ಲಿಯೂ ಹಾಗಾಗಬಹುದೆಂದು ಮೊದಲೇ ವೈದ್ಯರಿಗೆ ತಿಳಿಸಿರಬೇಕು.

ಮೂರನೆಯ ತಿಂಗಳಲ್ಲಿ ಗಾಯದ ಗೆರೆ ಮೊದಲಿಗಿಂತ ಹೆಚ್ಚು ಕೆಂಪಾಗಿ, ಉಬ್ಬಿ ಕಾಣುವುದು ಸಹಜ. ಅದು ಮಾಸಿ ಮೆತ್ತಗಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಕೆಳಹೊಟ್ಟೆಯ ಮರಗಟ್ಟಿದ ಅನುಭವವೂ ಹಲವು ತಿಂಗಳು ಇರುತ್ತದೆ. ಆ ಜಾಗಕ್ಕೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೇ ತಿಳಿಯುವುದಿಲ್ಲ, ಆದ್ದರಿಂದ ಇಡಬಾರದು. ಗಾಯದ ಎರಡೂ ತುದಿಗಳಲ್ಲಿ ಚರ್ಮ ಸ್ವಲ್ಪ ಮುದ್ದೆಯಾಗಿ ಉಳಿದಿದ್ದರೆ ಅದನ್ನು ಸರಿಪಡಿಸುವ ಸಣ್ಣ ಚಿಕಿತ್ಸೆಗೆ ಆರು ತಿಂಗಳಿಂದ ಒಂದು ವರ್ಷ ಕಾಯಿಸುತ್ತಾರೆ. ಅದಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಕೇಳಿ ಬರೆಯಿಸಿಕೊಳ್ಳಿ.